ವೆಂಟಿಲೇಟರ್ ಬಂದಿವೆ, ಬದುಕಿದವರ ಲೆಕ್ಕ ಎಲ್ಲಿದೆ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ಸಂಶೋಧನೆಯಿಂದ ಸಾಬೀತಾದ ಚಿಕಿತ್ಸೆ, ರೋಗಿಗಳ ಫಲಿತಾಂಶದ ದಾಖಲೆ ಮತ್ತು ನಮ್ಮದೇ ಅಧ್ಯಯನಗಳನ್ನು ಕುರಿತು.

ಮಾನ್ಯರೇ,

ಕೋವಿಡ್ ಕಾಲದಲ್ಲಿ ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ವೆಂಟಿಲೇಟರ್‌ಗಳು ಬಂದವು, ಆಕ್ಸಿಜನ್ ಪೈಪ್‌ಲೈನ್ ಬಂತು. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಆರೋಗ್ಯ ಮೂಲಸೌಕರ್ಯ ಯೋಜನೆಯಡಿ ಜಿಲ್ಲೆಗಳಿಗೆ ಕ್ರಿಟಿಕಲ್ ಕೇರ್ ಬ್ಲಾಕ್‌ಗಳೂ ಮಂಜೂರಾಗಿವೆ. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಹಿಂದೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗೆ ಸಾಗಿಸುವಾಗ ದಾರಿಯಲ್ಲೇ ಹೋಗುತ್ತಿದ್ದ ಜೀವಗಳಿಗೆ ಈಗ ಹತ್ತಿರದಲ್ಲೇ ಒಂದು ಹಾಸಿಗೆ ಸಿಗುತ್ತಿದೆ.

ಆದರೆ ಆ ಹಾಸಿಗೆಯ ಮೇಲೆ ಏನಾಗುತ್ತಿದೆ? ಕಳೆದ ವರ್ಷ ಒಂದು ಜಿಲ್ಲಾಸ್ಪತ್ರೆಯಲ್ಲಿ ವೆಂಟಿಲೇಟರಿಗೆ ಹಾಕಿದವರಲ್ಲಿ 28ನೇ ದಿನಕ್ಕೆ ಎಷ್ಟು ಮಂದಿ ಜೀವಂತವಾಗಿದ್ದರು ಎಂದು ಕೇಳಿದರೆ ಉತ್ತರ ಹೇಳುವ, ಜನರ ಕೈಗೆ ಸಿಗುವ ಲೆಕ್ಕ ನಮಗಂತೂ ಕಂಡಿಲ್ಲ. ಯಂತ್ರಗಳ ಲೆಕ್ಕವಿದೆ, ಹಾಸಿಗೆಗಳ ಲೆಕ್ಕವಿದೆ. ಈ ಪತ್ರ ಇನ್ನಷ್ಟು ಯಂತ್ರ ಕೇಳಲು ಬರೆದದ್ದಲ್ಲ. ಕಳೆದ 25 ವರ್ಷಗಳ ಐಸಿಯು ಸಂಶೋಧನೆಯಲ್ಲಿ ನಿಜವಾಗಿ ಜೀವ ಉಳಿಸಿದ ಸಂಗತಿಗಳು ಹೆಚ್ಚಿನವು ಅಗ್ಗದವು. ಅವಕ್ಕೆ ಬೇಕಾದದ್ದು ಅಳತೆ, ಕೈಗಳು ಮತ್ತು ಬರೆದಿಡುವ ಶಿಸ್ತು. ಅವು ನಮ್ಮ ಆಸ್ಪತ್ರೆಗಳಿಗೆ ಬರಬೇಕು, ಜೊತೆಗೆ ನಮ್ಮ ಪ್ರಶ್ನೆಗಳಿಗೆ ನಮ್ಮಲ್ಲೇ ಅಧ್ಯಯನ ನಡೆಯಬೇಕು ಎಂಬುದು ನಮ್ಮ ಕೋರಿಕೆ.

ವೆಂಟಿಲೇಟರಿನಿಂದಲೇ ಶುರು ಮಾಡುತ್ತೇವೆ. ನ್ಯುಮೋನಿಯಾ, ಸೆಪ್ಸಿಸ್ (ಸೋಂಕಿಗೆ ದೇಹ ತಿರುಗಿಬಿದ್ದು ಅಂಗಗಳು ಸೋಲುವ ಸ್ಥಿತಿ), ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಯಾವುದರಿಂದಲೇ ಆಗಲಿ, ಎರಡೂ ಶ್ವಾಸಕೋಶಗಳು ಊದಿಕೊಂಡು ನೀರು ತುಂಬಿ ಬಿಗಿಯಾಗುವ ಸ್ಥಿತಿಗೆ ಎಆರ್‌ಡಿಎಸ್ ಎನ್ನುತ್ತೇವೆ. ಅಂಥ ಶ್ವಾಸಕೋಶದಲ್ಲಿ ಗಾಳಿಯಾಡುವ ಜಾಗ ಸ್ವಲ್ಪವೇ ಉಳಿದಿರುತ್ತದೆ. ಯಂತ್ರ ತಳ್ಳಿದ ಗಾಳಿಯೆಲ್ಲ ಆ ಸ್ವಲ್ಪ ಜಾಗಕ್ಕೇ ನುಗ್ಗಿ, ಚೆನ್ನಾಗಿದ್ದ ಭಾಗವನ್ನೂ ಹಿಗ್ಗಿಸಿ ಹಾಳು ಮಾಡುತ್ತದೆ. ಅಮೆರಿಕದ ಎಆರ್‌ಡಿಎಸ್ ನೆಟ್‌ವರ್ಕ್ 861 ರೋಗಿಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿಗೆ ಪ್ರತಿ ಉಸಿರಿಗೆ ಕೆ.ಜಿ.ಗೆ 12 ಮಿ.ಲೀ. ಗಾಳಿ ಕೊಟ್ಟರು, ಇನ್ನೊಂದಕ್ಕೆ 6 ಮಿ.ಲೀ. ಮೊದಲ ಗುಂಪಿನಲ್ಲಿ ಶೇ 39.8 ಮಂದಿ ತೀರಿಕೊಂಡರು, ಎರಡನೆಯದರಲ್ಲಿ ಶೇ 31. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಇದ್ದ ಯಂತ್ರದ ಒಂದು ಅಂಕಿ ಇಳಿಸಿದ್ದಕ್ಕೆ ನೂರರಲ್ಲಿ ಎಂಟೊಂಬತ್ತು ಜೀವ ಉಳಿದವು.

ಇಲ್ಲಿ ಕೆ.ಜಿ. ಎಂದರೆ ತಕ್ಕಡಿಯ ತೂಕವಲ್ಲ. ಮೈ ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ, ಅದರ ಗಾತ್ರ ಎತ್ತರವನ್ನು ಅವಲಂಬಿಸಿದೆ. ಹಾಗಾಗಿ ಎತ್ತರದಿಂದ ತೂಕ ಲೆಕ್ಕ ಹಾಕಬೇಕು. ಸೆಂ.ಮೀ. ಲೆಕ್ಕದ ಎತ್ತರದಲ್ಲಿ 152.4 ಕಳೆದು, ಬಂದದ್ದನ್ನು 0.91ರಿಂದ ಗುಣಿಸಿ, ಹೆಂಗಸರಿಗೆ 45.5, ಗಂಡಸರಿಗೆ 50 ಕೂಡಿಸಿದರೆ ಆಯಿತು. 150 ಸೆಂ.ಮೀ. ಎತ್ತರದ ಹೆಂಗಸಿಗೆ ಇದು 43.3 ಕೆ.ಜಿ. ಬರುತ್ತದೆ. ಅಂದರೆ ಪ್ರತಿ ಉಸಿರಿಗೆ 260 ಮಿ.ಲೀ. 165 ಸೆಂ.ಮೀ.ನ ಗಂಡಸಿಗೆ 61.5 ಕೆ.ಜಿ., 369 ಮಿ.ಲೀ. ಈಗ ಆ ಹೆಂಗಸು 70 ಕೆ.ಜಿ. ತೂಗುತ್ತಾರೆ ಎಂದುಕೊಳ್ಳಿ. ರಾತ್ರಿ ಪಾಳಿಯ ಡಾಕ್ಟರು ಕಣ್ಣಂದಾಜಿನಲ್ಲಿ 500 ಮಿ.ಲೀ. ಇಟ್ಟರೆ ಅದು ಕೆ.ಜಿ.ಗೆ ಹನ್ನೊಂದೂವರೆ ಮಿ.ಲೀ. ಆಯಿತು. 2000ದ ಅಧ್ಯಯನದಲ್ಲಿ ಹೆಚ್ಚು ಜನ ಸತ್ತ ಗುಂಪಿನ ಅಳತೆಗೆ ಹತ್ತಿರ. ಯಂತ್ರ ಸದ್ದು ಮಾಡುವುದಿಲ್ಲ, ಆಕ್ಸಿಜನ್ ಮಟ್ಟ ಆ ಹೊತ್ತಿಗೆ ಚೆನ್ನಾಗಿಯೇ ಕಾಣುತ್ತದೆ. ಶ್ವಾಸಕೋಶ ಹಾಳಾದದ್ದು ಗೊತ್ತಾಗುವುದು ಎರಡು ಮೂರು ದಿನದ ಮೇಲೆ, ಅಷ್ಟರಲ್ಲಿ ಅದಕ್ಕೆ ಕಾಯಿಲೆಯೇ ಕಾರಣ ಎಂದು ಬರೆದಾಗಿರುತ್ತದೆ.

ಹಾಗಾಗಿ ನಮ್ಮ ಮೊದಲ ಬೇಡಿಕೆ ಒಂದು ಅಳತೆ ಟೇಪು. ಪ್ರತಿ ವೆಂಟಿಲೇಟರ್ ಹಾಸಿಗೆಗೆ ಒಂದು, ಕಟ್ಟಿಹಾಕಿದ್ದು. ರೋಗಿಯನ್ನು ಸಮತಟ್ಟಾಗಿ ಮಲಗಿಸಿ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆಯಬೇಕು. ಮಂಡಿ ಮಡಚಿಕೊಂಡಿದ್ದರೆ, ಕಾಲು ಮುರಿದಿದ್ದರೆ, ಎರಡೂ ತೋಳು ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಇರುವ ಅಳತೆ ಎತ್ತರಕ್ಕೆ ಸಾಕಷ್ಟು ಹತ್ತಿರ ಬರುತ್ತದೆ. ಪಕ್ಕದಲ್ಲೇ ಗೋಡೆಗೆ ಕನ್ನಡದಲ್ಲಿ ಒಂದು ಪಟ್ಟಿ ಅಂಟಿಸಲಿ: ಹೆಂಗಸರಿಗೆ 145 ಸೆಂ.ಮೀ.ಗೆ 233 ಮಿ.ಲೀ., 155ಕ್ಕೆ 287. ಗಂಡಸರಿಗೆ 160ಕ್ಕೆ 341, 170ಕ್ಕೆ 396, ಹೀಗೆ. ಲೆಕ್ಕ ಹಾಕುವ ಕೆಲಸ ರಾತ್ರಿ ಮೂರು ಗಂಟೆಗೆ ಯಾರ ತಲೆಯ ಮೇಲೂ ಬೀಳಬಾರದು. ಕೇಸ್ ಶೀಟಿನ ಮೊದಲ ಪುಟದಲ್ಲಿ ಎತ್ತರದ ಕಾಲಂ ಖಾಲಿ ಇದ್ದರೆ ಆ ದಾಖಲಾತಿ ಅಪೂರ್ಣ ಎಂದು ಸುತ್ತೋಲೆ ಹೊರಡಿಸಿ.

ಅಂಕಿ ಇಳಿಸಿದ ಮೇಲೆ ಇನ್ನೊಂದು ತೊಡಕು ಬರುತ್ತದೆ. ಗಾಳಿ ಕಡಿಮೆಯಾದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ರಕ್ತದ ಅನಿಲ ಪರೀಕ್ಷೆಯ (ಎಬಿಜಿ) ವರದಿಯಲ್ಲಿ ಅದು 60 ಎಂದು ಕಂಡ ಕೂಡಲೇ ಗಾಬರಿಯಾಗಿ ಮತ್ತೆ ಗಾಳಿ ಹೆಚ್ಚಿಸುವವರೇ ಬಹಳ. ಮಾಡಬೇಕಾದದ್ದು ಉಸಿರಿನ ವೇಗ ಹೆಚ್ಚಿಸುವುದು, ನಿಮಿಷಕ್ಕೆ 35ರವರೆಗೂ. ರಕ್ತದ ಆಮ್ಲೀಯತೆ ತೋರಿಸುವ ಪಿಎಚ್ 7.15ಕ್ಕಿಂತ ಕೆಳಗಿಳಿದರೆ ಮಾತ್ರ ಗಾಳಿಯ ಪ್ರಮಾಣ ಮುಟ್ಟಬೇಕು. ಉಸಿರು ಒಳಗೆ ಹೋದ ಮೇಲೆ ಅರ್ಧ ಸೆಕೆಂಡು ಯಂತ್ರವನ್ನು ತಡೆದು ಪ್ಲ್ಯಾಟೋ ಒತ್ತಡ, ಅಂದರೆ ಶ್ವಾಸಕೋಶದೊಳಗೆ ನಿಂತ ಗಾಳಿಯ ಒತ್ತಡ, ನೋಡಬೇಕು, ಅದು 30 ಸೆಂ.ಮೀ. ನೀರಿನ ಒತ್ತಡ ದಾಟಬಾರದು. ಇದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ಆದರೂ 50 ದೇಶಗಳ 459 ಐಸಿಯುಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಲಂಗ್ ಸೇಫ್ ಸಮೀಕ್ಷೆಯಲ್ಲಿ ಈ ಒತ್ತಡ ಅಳೆದದ್ದು ಶೇ 40 ರೋಗಿಗಳಲ್ಲಿ ಮಾತ್ರ. ಎಆರ್‌ಡಿಎಸ್ ಸೌಮ್ಯವಾಗಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಇದೆ ಎಂದೇ ವೈದ್ಯರು ಗುರುತಿಸಿರಲಿಲ್ಲ. ಶ್ರೀಮಂತ ದೇಶಗಳೇ ಹೆಚ್ಚಿದ್ದ ಸಮೀಕ್ಷೆಯ ಕಥೆಯೇ ಹೀಗಿದೆ. ಇದು ನಮ್ಮ ವೈದ್ಯರನ್ನು ದೂರುವ ಮಾತಲ್ಲ. ಗೊತ್ತಿರುವುದಕ್ಕೂ ಪ್ರತಿ ರಾತ್ರಿ ಪ್ರತಿ ಹಾಸಿಗೆಯಲ್ಲಿ ಅದು ನಡೆಯುವುದಕ್ಕೂ ನಡುವೆ ವ್ಯವಸ್ಥೆ ಎಂಬುದೊಂದು ಬೇಕು, ಅದನ್ನು ಕಟ್ಟುವುದು ಇಲಾಖೆಯ ಕೆಲಸ.

ಕೈಗಳ ಮಾತಿಗೆ ಬರುತ್ತೇವೆ. ಫ್ರಾನ್ಸ್‌ನ 26 ಮತ್ತು ಸ್ಪೇನ್‌ನ ಒಂದು ಐಸಿಯುನಲ್ಲಿ 466 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರೊಸೇವಾ ಅಧ್ಯಯನದಲ್ಲಿ ತೀವ್ರ ಎಆರ್‌ಡಿಎಸ್ ಇದ್ದವರನ್ನು ದಿನಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದರು. 28 ದಿನದ ಸಾವು ಶೇ 32.8ರಿಂದ ಶೇ 16ಕ್ಕೆ ಇಳಿಯಿತು. ಐಸಿಯು ಸಂಶೋಧನೆಯಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ತೋರಿಸಿದ ಚಿಕಿತ್ಸೆಗಳು ಬೆರಳೆಣಿಕೆಯಷ್ಟು. ಬೇಕಾದದ್ದು ದಿಂಬುಗಳು ಮತ್ತು ಐದು ಜನ. ಯಾರಿಗೆ ಎಂಬುದು ಸ್ಪಷ್ಟವಿದೆ: ಶೇ 60 ಅಥವಾ ಹೆಚ್ಚು ಆಕ್ಸಿಜನ್ ಕೊಟ್ಟರೂ, ರಕ್ತದ ಆಕ್ಸಿಜನ್ ಒತ್ತಡವನ್ನು ಕೊಟ್ಟ ಆಕ್ಸಿಜನ್ ಅಂಶದಿಂದ ಭಾಗಿಸಿದಾಗ 150ಕ್ಕಿಂತ ಕಡಿಮೆ ಬರುವವರಿಗೆ. ಶೇ 60 ಆಕ್ಸಿಜನ್ ಮೇಲೆ ಒತ್ತಡ 72 ಇದ್ದರೆ 72ನ್ನು 0.6ರಿಂದ ಭಾಗಿಸಿ 120, ಅಂದರೆ ಮಗುಚಬೇಕು.

ಮಗುಚುವಾಗ ಒಬ್ಬರು ತಲೆಯ ಬಳಿ ನಿಂತು, ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸಿದ ಉಸಿರಿನ ಟ್ಯೂಬನ್ನು ಬಿಡದೆ ಹಿಡಿಯಬೇಕು, ಎಣಿಕೆಯೂ ಅವರದೇ. ಎರಡೂ ಬದಿಗೆ ಇಬ್ಬಿಬ್ಬರು. ಮೊದಲು ಟ್ಯೂಬ್ ಹಲ್ಲಿನ ಬಳಿ ಎಷ್ಟು ಸೆಂ.ಮೀ.ಗೆ ನಿಂತಿದೆ ಎಂದು ಓದಿ ಬರೆಯಬೇಕು, ಬಾಯಿ ಮತ್ತು ಟ್ಯೂಬಿನ ಕಫವನ್ನು ಯಂತ್ರದಿಂದ ಹೀರಿ ತೆಗೆಯಬೇಕು (ಸಕ್ಷನ್), ಆಕ್ಸಿಜನ್ ನೂರಕ್ಕೆ ಏರಿಸಬೇಕು, ಕಣ್ಣಿಗೆ ಮುಲಾಮು ಹಾಕಿ ಮುಚ್ಚಿ ಟೇಪ್ ಹಚ್ಚಬೇಕು, ಎದೆಯ ಮೇಲಿನ ಇಸಿಜಿ ಲೀಡ್‌ಗಳನ್ನು ತೆಗೆಯಬೇಕು. ರೋಗಿಯನ್ನು ಮಂಚದ ಒಂದು ಅಂಚಿಗೆ ಎಳೆದು, ಮಗ್ಗುಲಿಗೆ ತಿರುಗಿಸಿ, ಅಲ್ಲಿ ಒಂದು ಕ್ಷಣ ನಿಂತು ಎಲ್ಲ ಲೈನ್‌ಗಳನ್ನು ನೋಡಿ, ಆಮೇಲೆ ಬೋರಲು. ಎದೆ ಮತ್ತು ಸೊಂಟದ ಕೆಳಗೆ ದಿಂಬು, ಹೊಟ್ಟೆ ತೇಲುವಂತೆ. ಮುಖವನ್ನು ಎರಡು ಗಂಟೆಗೊಮ್ಮೆ ಆ ಕಡೆ ಈ ಕಡೆ ಹೊರಳಿಸಬೇಕು, ಇಲ್ಲದಿದ್ದರೆ ಕೆನ್ನೆ, ಗಲ್ಲ, ಹಣೆಯಲ್ಲಿ ಹುಣ್ಣಾಗುತ್ತದೆ. ಕೆಡುವುದು ಎಲ್ಲಿ? ಟ್ಯೂಬ್ ಮಡಚಿಕೊಳ್ಳುತ್ತದೆ ಅಥವಾ ಹೊರಬರುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ಕಿತ್ತು ಬರುತ್ತದೆ. ಇದೆಲ್ಲ ಆಗುವುದು ಐದು ಜನರ ಕೆಲಸವನ್ನು ಮೂರು ಜನ ಮಾಡಿದಾಗ. ರಾತ್ರಿ ಹತ್ತು ಹಾಸಿಗೆಗೆ ಇಬ್ಬರು ನರ್ಸ್‌ಗಳಿದ್ದರೆ ಯಾರನ್ನೂ ಮಗುಚುವುದಿಲ್ಲ, ಸಾವನ್ನು ಅರ್ಧಕ್ಕಿಳಿಸಿದ ಚಿಕಿತ್ಸೆ ಕಟ್ಟಡದೊಳಗಿದ್ದೂ ಇಲ್ಲದಂತೆ. ಸಿಬ್ಬಂದಿ ಮಂಜೂರಾತಿಯ ಕಡತ ನಿಮ್ಮ ಮುಂದೆ ಬಂದಾಗ ಈ ಅಂಕಿಗಳನ್ನು ದಯವಿಟ್ಟು ಪಕ್ಕದಲ್ಲಿಟ್ಟುಕೊಳ್ಳಿ. ವೆಂಟಿಲೇಟರ್ ಮೇಲಿರುವ ಒಬ್ಬರಿಗೆ ಪಾಳಿಗೆ ಒಬ್ಬ ನರ್ಸ್ ಎಂಬುದು ಐಷಾರಾಮವಲ್ಲ. ಐಸಿಯುನಲ್ಲಿ ಪಳಗಿದ ಶುಶ್ರೂಷಾಧಿಕಾರಿಗಳನ್ನು ಕೆಲವೇ ತಿಂಗಳಿಗೆ ಬೇರೆ ವಾರ್ಡಿಗೆ ಹಾಕುವ, ಗುತ್ತಿಗೆ ಮುಗಿಯಿತೆಂದು ಮನೆಗೆ ಕಳಿಸುವ ಪದ್ಧತಿಯೂ ನಿಲ್ಲಬೇಕು.

ಇನ್ನು ನಮ್ಮ ನೆಲದ್ದೇ ಆದ ಕಾಯಿಲೆ, ಕೀಟನಾಶಕದ ವಿಷ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮ ದೇವಸ್ಥಾನದ ಪ್ರಸಾದದಲ್ಲಿ ಮೋನೋಕ್ರೋಟೋಫಾಸ್ ಬೆರೆಸಿದ್ದರಿಂದ 17 ಮಂದಿ ಪ್ರಾಣ ಬಿಟ್ಟರು, ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, ಬಹಳಷ್ಟು ಜನರನ್ನು ಮೈಸೂರಿಗೆ ಸಾಗಿಸಬೇಕಾಯಿತು. ಅದು ಇಡೀ ನಾಡು ನೋಡಿದ ದುರಂತ. ಇದೇ ಗುಂಪಿನ ಆರ್ಗನೋಫಾಸ್ಫರಸ್ ವಿಷ ಸೇರಿದವರು ಸುದ್ದಿಯಿಲ್ಲದೆ ತಾಲ್ಲೂಕು ಆಸ್ಪತ್ರೆಗಳ ಬಾಗಿಲಿಗೆ ಬರುತ್ತಲೇ ಇರುತ್ತಾರೆ. ಬೆವರು, ಜೊಲ್ಲು, ಎದೆ ತುಂಬ ನೀರು, ಸೂಜಿಮೊನೆಯಂತೆ ಕಿರಿದಾದ ಪಾಪೆ. ಇವರು ಸಾಯುವುದು ಉಸಿರಾಟ ಕೈಕೊಟ್ಟು. ಮೊದಲ ಗಂಟೆಯಲ್ಲಿ ಬೇಕಾದದ್ದು ಆಕ್ಸಿಜನ್, ಸಕ್ಷನ್, ಮತ್ತು ಈ ವಿಷಕ್ಕೆ ಪ್ರತಿಯಾಗಿ ಕೊಡುವ ಅಟ್ರೋಪಿನ್ ಚುಚ್ಚುಮದ್ದು.

ಅಟ್ರೋಪಿನ್ ಹೇಗೆ ಕೊಡಬೇಕು ಎಂಬುದಕ್ಕೆ ನಮ್ಮ ಪಕ್ಕದ ದೇಶದಲ್ಲೇ ಸಂಶೋಧನೆ ಆಗಿದೆ. ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ 156 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಗಾಗ ಒಂದೊಂದು ಡೋಸ್ ಕೊಡುವ ಹಳೆಯ ಪದ್ಧತಿಯಲ್ಲಿ ಶೇ 22.5 ಮಂದಿ ತೀರಿಕೊಂಡರೆ, ಬೇಗ ಬೇಗ ಡೋಸ್ ಏರಿಸಿ ಆಮೇಲೆ ಡ್ರಿಪ್‌ನಲ್ಲಿ ಹರಿಸುವ ಪದ್ಧತಿಯಲ್ಲಿ ಶೇ 8 ಮಂದಿ. ಅಟ್ರೋಪಿನ್ ಹೆಚ್ಚಾಗಿ ಆಗುವ ತೊಂದರೆಯೂ ಎರಡನೇ ಗುಂಪಿನಲ್ಲೇ ಕಡಿಮೆ.

ಏರಿಕೆ ಹೀಗೆ: ವಯಸ್ಕರಿಗೆ ಮೊದಲು 1.8 ಮಿ.ಗ್ರಾಂ. ನಮ್ಮಲ್ಲಿ ಸಿಗುವ ಆಂಪ್ಯೂಲ್‌ನಲ್ಲಿ 0.6 ಮಿ.ಗ್ರಾಂ. ಇರುವುದರಿಂದ ಮೂರು ಆಂಪ್ಯೂಲ್. ಐದು ನಿಮಿಷ ಬಿಟ್ಟು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು. ನೀರಿನ ಸದ್ದು ಇನ್ನೂ ಇದ್ದರೆ ದುಪ್ಪಟ್ಟು, ಆರು. ಮತ್ತೆ ಐದು ನಿಮಿಷಕ್ಕೆ ಹನ್ನೆರಡು. ಆಮೇಲೆ ಇಪ್ಪತ್ತನಾಲ್ಕು. ಎದೆ ತಿಳಿಯಾಗಿ, ನಾಡಿ 80 ದಾಟಿ, ಮೇಲಿನ ಬಿಪಿ 80ಕ್ಕಿಂತ ಹೆಚ್ಚಾಗಿ, ಕಂಕುಳು ಒಣಗಿ, ಪಾಪೆ ಸೂಜಿಮೊನೆಯ ಸ್ಥಿತಿಯಿಂದ ಬಿಡಿಸಿಕೊಳ್ಳುವವರೆಗೆ ಇದೇ ಕ್ರಮ. ಆಮೇಲೆ ಅಲ್ಲಿಯವರೆಗೆ ಕೊಟ್ಟ ಒಟ್ಟು ಪ್ರಮಾಣದ ಶೇ 10ರಿಂದ 20ರಷ್ಟನ್ನು ಪ್ರತಿ ಗಂಟೆಗೆ ಡ್ರಿಪ್‌ನಲ್ಲಿ. ರೋಗಿ ಬಡಬಡಿಸತೊಡಗಿ, ಮೈ ಕಾದು, ಕರುಳಿನ ಸದ್ದು ನಿಂತರೆ ಅಟ್ರೋಪಿನ್ ಹೆಚ್ಚಾಗಿದೆ ಎಂದರ್ಥ. ಡ್ರಿಪ್ ನಿಲ್ಲಿಸಿ, ಶಮನವಾದ ಮೇಲೆ ಮೊದಲಿನ ವೇಗದ ಶೇ 70-80ರಲ್ಲಿ ಮತ್ತೆ ಶುರು ಮಾಡಬೇಕು. ನಾಡಿ ವೇಗವಾಗಿದೆ ಎಂಬ ಒಂದೇ ಕಾರಣಕ್ಕೆ ಎದೆಯಲ್ಲಿ ನೀರಿದ್ದರೂ ಅಟ್ರೋಪಿನ್ ತಡೆಯುವುದು, ಪಾಪೆ ಹಿಗ್ಗುವುದನ್ನೇ ಕಾಯುತ್ತಾ ಸುರಿಯುವುದು, ಇವೆರಡೂ ನಾವು ಮೇಲಿಂದ ಮೇಲೆ ಕಾಣುವ ತಪ್ಪುಗಳು.

ಈಗ ಆಂಪ್ಯೂಲ್ ಲೆಕ್ಕ ಹಾಕಿ. ನಾಲ್ಕು ಡೋಸ್ ಬೇಕಾದವರಿಗೆ ಮೊದಲ ಕಾಲು ಗಂಟೆಯಲ್ಲೇ 45 ಆಂಪ್ಯೂಲ್, ಅಂದರೆ 27 ಮಿ.ಗ್ರಾಂ. ಆಮೇಲೆ ಗಂಟೆಗೆ 2.7ರಿಂದ 5.4 ಮಿ.ಗ್ರಾಂ. ಇದೇ ವೇಗದಲ್ಲಿ ಒಂದು ದಿನ ನಡೆದರೆ ಇನ್ನೂ 108ರಿಂದ 216. ಒಬ್ಬ ರೋಗಿಗೆ, ಒಂದು ದಿನಕ್ಕೆ, ಹತ್ತಿರ ಹತ್ತಿರ 150ರಿಂದ 260. ತುರ್ತು ಚಿಕಿತ್ಸಾ ಕೊಠಡಿಯ ಟ್ರೇಯಲ್ಲಿ ಹತ್ತು ಆಂಪ್ಯೂಲ್ ಇಟ್ಟು, ಉಳಿದದ್ದಕ್ಕೆ ಸ್ಟೋರಿನ ಬೀಗದ ಕೈ ಇರುವವರಿಗೆ ಫೋನ್ ಮಾಡಿ, ಇಂಡೆಂಟ್ ಬರೆದು ಕಾಯುವುದಾದರೆ ಆ ಅಧ್ಯಯನ ನಮ್ಮ ಪಾಲಿಗೆ ನಡೆದೇ ಇಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯ ತುರ್ತು ಕೊಠಡಿಯಲ್ಲೇ, ಬೀಗವಿಲ್ಲದ ಪೆಟ್ಟಿಗೆಯಲ್ಲಿ, 200 ಆಂಪ್ಯೂಲ್ ಇರಲಿ. ದೊಡ್ಡ ವಯಲ್ ಸಿಗುವುದಾದರೆ ಇನ್ನೂ ಒಳ್ಳೆಯದು, 24 ಆಂಪ್ಯೂಲ್ ಒಡೆದು ಸಿರಿಂಜಿಗೆ ಎಳೆಯಲು ಹಿಡಿಯುವ ಹೊತ್ತೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮುಚ್ಚಳದ ಒಳಬದಿಗೆ ಮೇಲಿನ ಏರಿಕೆಯ ಪಟ್ಟಿ ಅಂಟಿಸಿರಲಿ.

ಇಷ್ಟಾದ ಮೇಲೂ ಎರಡನೇ, ಮೂರನೇ ದಿನ, ಚೇತರಿಸಿಕೊಂಡರು ಎಂದುಕೊಂಡ ರೋಗಿಯ ಉಸಿರು ಇದ್ದಕ್ಕಿದ್ದಂತೆ ಸೋಲುವುದುಂಟು. ಅದರ ಮುನ್ಸೂಚನೆ ಕುತ್ತಿಗೆಯಲ್ಲಿ ಸಿಗುತ್ತದೆ. ಪ್ರತಿ ಪಾಳಿಯಲ್ಲೂ ನರ್ಸ್ ಒಬ್ಬರು, ದಿಂಬಿನಿಂದ ತಲೆ ಎತ್ತಿ ಹಿಡಿಯಿರಿ ನೋಡೋಣ ಎಂದು ಹೇಳಬೇಕು. ಎತ್ತಲಾಗದಿದ್ದರೆ ವೆಂಟಿಲೇಟರ್ ಸಜ್ಜು ಮಾಡಿಕೊಳ್ಳಬೇಕು, ಅಂಥವರನ್ನು ಜನರಲ್ ವಾರ್ಡಿಗೆ ಕಳಿಸಲೇಬಾರದು.

ಅಟ್ರೋಪಿನ್ ಜೊತೆಗೆ, ವಿಷ ಹಿಡಿದ ಕಿಣ್ವವನ್ನು ಬಿಡಿಸಲೆಂದು ನಾವು ಕೊಡುವ ಪ್ರಾಲಿಡಾಕ್ಸಿಮ್ ಬಗ್ಗೆ ಮಾತ್ರ ಸಂಶೋಧನೆ ಒಮ್ಮತಕ್ಕೆ ಬಂದಿಲ್ಲ. ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರಿಗೂ ಮೊದಲು 2 ಗ್ರಾಂ ಕೊಟ್ಟು, ಆಮೇಲೆ ಒಂದು ಗುಂಪಿಗೆ ಗಂಟೆಗೆ 1 ಗ್ರಾಂನಂತೆ, ಇನ್ನೊಂದಕ್ಕೆ ನಾಲ್ಕು ಗಂಟೆಗೊಮ್ಮೆ 1 ಗ್ರಾಂನಂತೆ 48 ಗಂಟೆ ಕೊಟ್ಟರು. ಹೆಚ್ಚು ಪಡೆದವರಲ್ಲಿ ಸಾವು ಶೇ 1, ಕಡಿಮೆ ಪಡೆದವರಲ್ಲಿ ಶೇ 8. ಶ್ರೀಲಂಕಾದಲ್ಲಿ 235 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಔಷಧಿ ಪಡೆದವರಲ್ಲಿ ಶೇ 24.8, ಬರೀ ಸಲೈನ್ ಪಡೆದವರಲ್ಲಿ ಶೇ 15.8 ಮಂದಿ ತೀರಿಕೊಂಡರು. ಈ ಎರಡನೇ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟೇ, ಆದರೆ ಲಾಭ ಕಾಣಲಿಲ್ಲ ಎಂಬುದಂತೂ ದಿಟ. ರೋಗಿ ಎಷ್ಟು ಗಂಟೆಗೆ ಆಸ್ಪತ್ರೆ ತಲುಪಿದ, ವಿಷದ ಜಾತಿ ಯಾವುದು ಎಂಬುದರ ಮೇಲೆ ಉತ್ತರ ಬದಲಾಗಬಹುದು. ಮೋನೋಕ್ರೋಟೋಫಾಸ್‌ನಂಥ ಡೈಮೀಥೈಲ್ ಗುಂಪಿನ ವಿಷಗಳು ಕೆಲವೇ ಗಂಟೆಗಳಲ್ಲಿ ದೇಹದ ಕಿಣ್ವವನ್ನು ಬಿಡಿಸಲಾಗದಂತೆ ಕಚ್ಚಿಕೊಳ್ಳುತ್ತವೆ, ಆಮೇಲೆ ಪ್ರಾಲಿಡಾಕ್ಸಿಮ್ ಎಷ್ಟು ಕೊಟ್ಟರೂ ಕೆಲಸಕ್ಕೆ ಬಾರದು. ಕ್ಲೋರ್‌ಪೈರಿಫಾಸ್‌ನಂಥ ಡೈಈಥೈಲ್ ಗುಂಪಿನವು ಒಂದು ದಿನಕ್ಕೂ ಹೆಚ್ಚು ಅವಕಾಶ ಕೊಡುತ್ತವೆ. ರಾಯಚೂರು, ಹಾವೇರಿ, ಚಿತ್ರದುರ್ಗದಲ್ಲಿ ಯಾವ ಕೀಟನಾಶಕ ಹೆಚ್ಚು, ಅಲ್ಲಿನ ರೋಗಿಗಳು ಎಷ್ಟು ಹೊತ್ತಿಗೆ ಬರುತ್ತಾರೆ, ಅವರಿಗೆ ಈ ಔಷಧಿಯಿಂದ ಒಳಿತೋ ಕೆಡುಕೋ ಎಂಬುದನ್ನು ಲಂಡನ್ನಿನವರು ಬಂದು ಹೇಳುವುದಿಲ್ಲ. ರೋಗಿಗಳು ನಮ್ಮಲ್ಲಿದ್ದಾರೆ, ಅಧ್ಯಯನವೂ ನಮ್ಮಲ್ಲೇ ಆಗಬೇಕು.

ಹೊರಗಿನ ಉತ್ತರವನ್ನು ಹಾಗೇ ತಂದು ಹಾಕಿಕೊಂಡರೆ ಏನಾಗಬಹುದು ಎಂಬುದಕ್ಕೆ ಆಫ್ರಿಕಾದ ಎರಡು ಅಧ್ಯಯನಗಳು ಕಣ್ಣು ತೆರೆಸಬೇಕು. ಬಿಪಿ ಬಿದ್ದವರಿಗೆ ಬೇಗ ಬೇಗ ಡ್ರಿಪ್ ಏರಿಸಬೇಕು ಎಂಬುದು ಎಲ್ಲರೂ ಓದಿದ ಪಾಠ. ಕೀನ್ಯಾ, ಟಾಂಜಾನಿಯಾ, ಉಗಾಂಡಾಗಳಲ್ಲಿ 3,141 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಫೀಸ್ಟ್ ಅಧ್ಯಯನದಲ್ಲಿ, ತೀವ್ರ ಜ್ವರದಿಂದ ರಕ್ತಸಂಚಾರ ಕುಂದಿದ್ದ ಮಕ್ಕಳಿಗೆ ಹೀಗೆ ಸಲೈನ್ ಅಥವಾ ಆಲ್ಬುಮಿನ್ ಏರಿಸಿದಾಗ 48 ಗಂಟೆಯೊಳಗಿನ ಸಾವು ಶೇ 10.5ರ ಆಸುಪಾಸು, ಏರಿಸದೆ ನಿಧಾನವಾಗಿ ಕೊಟ್ಟಾಗ ಶೇ 7.3. ಜಾಂಬಿಯಾದ ಲುಸಾಕಾದಲ್ಲಿ ಸೆಪ್ಸಿಸ್‌ನಿಂದ ಬಿಪಿ ಬಿದ್ದ ವಯಸ್ಕರಿಗೆ, ಅವರಲ್ಲಿ ಬಹುಪಾಲು ಎಚ್‌ಐವಿ ಸೋಂಕಿತರು, ನಿಗದಿತ ಕ್ರಮದಲ್ಲಿ ಹೆಚ್ಚು ದ್ರವ ಮತ್ತು ಬಿಪಿ ಏರಿಸುವ ಔಷಧಿ ಕೊಟ್ಟಾಗ ಶೇ 48.1 ಮಂದಿ, ಎಂದಿನಂತೆ ಚಿಕಿತ್ಸೆ ಕೊಟ್ಟಾಗ ಶೇ 33 ಮಂದಿ ತೀರಿಕೊಂಡರೆಂದು 2017ರಲ್ಲಿ ವರದಿಯಾಯಿತು. ಅಮೆರಿಕದ ಡೆಟ್ರಾಯಿಟ್‌ನ ಒಂದೇ ಆಸ್ಪತ್ರೆಯಿಂದ 2001ರಲ್ಲಿ ಬಂದ, ಇಂಥ ನಿಗದಿತ ಕ್ರಮ ಸೆಪ್ಸಿಸ್ ಸಾವನ್ನು ತಗ್ಗಿಸುತ್ತದೆ ಎಂಬ ಫಲಿತಾಂಶದ ಮೇಲೆ ಜಗತ್ತಿನಾದ್ಯಂತ ನಿಯಮಾವಳಿಗಳು ಬೆಳೆದಿದ್ದವು. 2014, 2015ರಲ್ಲಿ ಬಂದ ಮೂರು ದೊಡ್ಡ ಅಧ್ಯಯನಗಳು ಆ ಕ್ರಮದಿಂದ ಹೆಚ್ಚಿನ ಲಾಭವಿಲ್ಲ ಎಂದವು. ನಮ್ಮ ಮಳೆಗಾಲದ ರೋಗಿಗಳು ಡೆಂಗಿ, ಇಲಿಜ್ವರ, ನುಸಿ ಕಡಿತದಿಂದ ಬರುವ ಸ್ಕ್ರಬ್ ಟೈಫಸ್‌ನವರು. ಅವರ ರಕ್ತನಾಳ ಸೋರುತ್ತದೆ, ಶ್ವಾಸಕೋಶಕ್ಕೆ ಬೇಗ ನೀರು ಇಳಿಯುತ್ತದೆ. ಎಷ್ಟು ಬಾಟಲಿ, ಯಾವ ವೇಗ ಎಂಬುದಕ್ಕೆ ಡೆಟ್ರಾಯಿಟ್ ಉತ್ತರವಾಗಲಾರದು, ಲುಸಾಕಾವೂ ಪೂರ್ತಿ ಉತ್ತರವಲ್ಲ.

ಭಾರತದಲ್ಲಿ ಇಂಥ ಕೆಲಸ ಆಗುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ತೀವ್ರ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೋಮೈಸಿನ್ ಎರಡನ್ನೂ ಒಟ್ಟಿಗೆ ಏಳು ದಿನ ರಕ್ತನಾಳದ ಮೂಲಕ ಕೊಟ್ಟರೆ, ಒಂದನ್ನೇ ಕೊಡುವುದಕ್ಕಿಂತ ಮೇಲು ಎಂದು ದೇಶದ ಏಳು ಕೇಂದ್ರಗಳ ಸುಮಾರು 800 ರೋಗಿಗಳಿಂದ ತಿಳಿದು 2023ರಲ್ಲಿ ಪ್ರಕಟವಾಯಿತು. ಸಾವು, ಇಳಿಯದ ತೊಡಕು, ಬಿಡದ ಜ್ವರ ಎಲ್ಲ ಸೇರಿಸಿ ನೋಡಿದಾಗ ಒಂದೇ ಔಷಧಿಯವರಲ್ಲಿ ಶೇ 47-48 ಇದ್ದದ್ದು ಜೋಡಿ ಔಷಧಿಯವರಲ್ಲಿ ಶೇ 33. ಎರಡೂ ಅಗ್ಗದ, ಹಳೆಯ ಔಷಧಿಗಳು. ಕೋವಿಡ್ ಕಾಲದಲ್ಲಿ ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾಕ್ಕಾಗಿ ಜನ ವಾಟ್ಸಾಪ್ ಗುಂಪುಗಳಲ್ಲಿ ಅಂಗಲಾಚುತ್ತಿದ್ದರು. ಆಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪ್ಲಾಸಿಡ್ ಅಧ್ಯಯನ ನಡೆಸಿ 2020ರಲ್ಲೇ ಉತ್ತರ ಕೊಟ್ಟಿತು: ರೋಗ ತೀವ್ರವಾದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ಶೇ 19, ಪಡೆಯದವರಲ್ಲಿ ಶೇ 18. ಆದರೂ ರಾಷ್ಟ್ರೀಯ ಮಾರ್ಗಸೂಚಿಯಿಂದ ಅದನ್ನು ಕೈಬಿಟ್ಟದ್ದು 2021ರ ಮೇ ತಿಂಗಳಲ್ಲಿ. ಎರಡನೇ ಅಲೆಯಲ್ಲಿ ಎಷ್ಟೋ ಕುಟುಂಬಗಳು ವೃಥಾ ಓಡಾಡಿ, ಸಾಲ ಮಾಡಿ ಆಗಿತ್ತು. ಉತ್ತರ ಸಿಕ್ಕ ಮೇಲೂ ಅದು ಹಾಸಿಗೆಯ ಬಳಿಗೆ ಬರಲು ತಡವಾದರೆ ಆಗುವ ನಷ್ಟ ಇದು.

ಕೋವಿಡ್ ಚಿಕಿತ್ಸೆಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಅಧ್ಯಯನ ದೊಡ್ಡ ಸಂಶೋಧನಾ ಕೇಂದ್ರಗಳಿಗಷ್ಟೇ ಸೀಮಿತವಾಗಿರಲಿಲ್ಲ, ಸಾಮಾನ್ಯ ಸರ್ಕಾರಿ ಆಸ್ಪತ್ರೆಗಳಲ್ಲೂ ಚಿಕ್ಕ ಅರ್ಜಿ ನಮೂನೆಯೊಂದಿಗೆ ನಡೆಯಿತು. 2020ರ ಮಾರ್ಚ್‌ನಲ್ಲಿ ಶುರುವಾಗಿ ಜೂನ್ ಹೊತ್ತಿಗೆ ದಿನಕ್ಕೆ 6 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಶೇ 41.4ರಿಂದ 29.3ಕ್ಕೆ ಇಳಿಸುತ್ತದೆ, ಆಕ್ಸಿಜನ್ ಬೇಕಿಲ್ಲದವರಿಗೆ ಲಾಭವಿಲ್ಲ ಎಂದು ಹೇಳಿತು. ಈ ಎರಡನೇ ಅರ್ಧವನ್ನು ನಾವು ಸರಿಯಾಗಿ ಕೇಳಿಸಿಕೊಂಡಿದ್ದರೆ ಮನೆಯಲ್ಲೇ ಬೇಕಾಬಿಟ್ಟಿ ಸ್ಟೆರಾಯ್ಡ್ ತೆಗೆದುಕೊಂಡು, ಸಕ್ಕರೆ ಏರಿ, ಬ್ಲ್ಯಾಕ್ ಫಂಗಸ್‌ಗೆ ಕಣ್ಣು ಕಳೆದುಕೊಂಡವರು ಕಡಿಮೆಯಾಗುತ್ತಿದ್ದರು.

ಹಾಗಾದರೆ ನಮ್ಮಲ್ಲಿ ಏನು ಆಗಬೇಕು? ಮೊದಲು ದಾಖಲೆ. 2019ರಿಂದ ಭಾರತದಲ್ಲಿ ಐಸಿಯು ರೋಗಿಗಳ ನೋಂದಣಿ ಜಾಲವೊಂದು ನಡೆಯುತ್ತಿದೆ, ಹೊಸದಾಗಿ ಸಾಫ್ಟ್‌ವೇರ್ ಕಟ್ಟಿಸಬೇಕಾಗಿಲ್ಲ. ನಮಗೆ ಬೇಕಾದದ್ದು ಒಂದು ಪುಟ: ವಯಸ್ಸು, ಲಿಂಗ, ಎತ್ತರ, ದಾಖಲಾದ ಕಾರಣ, ಕಾಯಿಲೆ ಶುರುವಾಗಿ ಎಷ್ಟು ಗಂಟೆಗೆ ಬಂದರು, ವೆಂಟಿಲೇಟರ್ ದಿನಗಳು, ಮೊದಲ ದಿನದ ಗಾಳಿಯ ಪ್ರಮಾಣ, ಬೋರಲು ಮಲಗಿಸಿದ ಗಂಟೆಗಳು, ಸೆಂಟ್ರಲ್ ಲೈನ್ ದಿನಗಳು, 28ನೇ ದಿನ ಬದುಕಿದ್ದಾರೆಯೇ. ಈ ಕೊನೆಯ ಪ್ರಶ್ನೆಯಲ್ಲೇ ನಮ್ಮ ಲೆಕ್ಕವೆಲ್ಲ ಜಾರಿಹೋಗುತ್ತದೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋದರು ಎಂದು ಬರೆದು ಸಹಿ ಹಾಕಿಸಿಕೊಂಡ ರೋಗಿ ರಿಜಿಸ್ಟರಿನಲ್ಲಿ ಸಾವಿನ ಕಾಲಂಗೆ ಬರುವುದಿಲ್ಲ. ಮನೆಯವರ ಕೈಯಲ್ಲಿ ದುಡ್ಡು ಮುಗಿದಿರುತ್ತದೆ, ಊರಲ್ಲೇ ಜೀವ ಹೋಗಲಿ ಎಂದು ಆಂಬುಲೆನ್ಸ್‌ನಲ್ಲಿ ಕೈಯಿಂದ ಉಸಿರು ತುಂಬುವ ಆಂಬು ಬ್ಯಾಗ್ ಒತ್ತುತ್ತಾ ಒಯ್ಯುತ್ತಾರೆ. ರೆಫರ್ ಆದವರ ಸಾಲು ಅಲ್ಲಿಗೇ ಮುಗಿಯುತ್ತದೆ. ಇವರನ್ನೆಲ್ಲ ಬಿಟ್ಟು ಹಾಕಿದ ಸಾವಿನ ಪ್ರಮಾಣ ಎಷ್ಟೇ ಕಡಿಮೆ ಕಂಡರೂ ಅದು ಸುಳ್ಳು. 28ನೇ ದಿನ ಒಬ್ಬರು ಮನೆಗೆ ಫೋನ್ ಮಾಡಿ ಕನ್ನಡದಲ್ಲೋ, ಉರ್ದುವಿನಲ್ಲೋ, ತುಳುವಿನಲ್ಲೋ ವಿಚಾರಿಸಬೇಕು. ಒಂದು ಜಿಲ್ಲೆಗೆ ತರಬೇತಿ ಪಡೆದ ಒಬ್ಬ ಸಂಶೋಧನಾ ನರ್ಸ್ ಸಾಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಹಣ ಪಾವತಿಯಾಗುವ ಖಾಸಗಿ ಐಸಿಯುಗಳಿಗೂ ಇದೇ ಪುಟವನ್ನು ಕಡ್ಡಾಯ ಮಾಡುವ ಅಧಿಕಾರ ನಿಮಗಿದೆ.

ಲೆಕ್ಕ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯ ಸಾಕ್ಷಿ. ಅಲ್ಲಿನ 103 ಐಸಿಯುಗಳಲ್ಲಿ ಸೆಂಟ್ರಲ್ ಲೈನ್ ಹಾಕುವಾಗ ಕೈ ತೊಳೆಯುವುದು, ರೋಗಿಯ ಪೂರ್ತಿ ಮೈ ಮುಚ್ಚುವ ಬಟ್ಟೆ ಹೊದಿಸಿ ಗೌನ್–ಮಾಸ್ಕ್ ಧರಿಸುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸುವುದು, ಆದಷ್ಟೂ ತೊಡೆಸಂದಿಯ ಜಾಗ ಬಿಡುವುದು, ಬೇಡವಾದ ಲೈನನ್ನು ಅಂದೇ ತೆಗೆಯುವುದು, ಈ ಐದನ್ನು ತಪ್ಪದೆ ಮಾಡಿ ತಿಂಗಳು ತಿಂಗಳು ಸೋಂಕಿನ ಲೆಕ್ಕ ಹಿಂದಿರುಗಿಸಿದ್ದರಿಂದ, ಸಾವಿರ ಲೈನ್ ದಿನಗಳಿಗೆ 2.7 ಸೋಂಕು ಇದ್ದ ಮಧ್ಯಾಂಕ (ಐಸಿಯುಗಳನ್ನು ಸೋಂಕಿನ ಕ್ರಮದಲ್ಲಿ ಸಾಲಾಗಿಟ್ಟಾಗ ನಡುವೆ ಬರುವ ಅಂಕಿ) ಮೂರು ತಿಂಗಳಲ್ಲಿ ಸೊನ್ನೆಗೆ ಬಂತೆಂದು 2006ರಲ್ಲಿ ವರದಿಯಾಯಿತು. ನರ್ಸ್‌ಗೆ ಡಾಕ್ಟರನ್ನು ತಡೆದು ನಿಲ್ಲಿಸುವ ಅಧಿಕಾರ ಕೊಟ್ಟದ್ದು ಅಲ್ಲಿ ಮುಖ್ಯವಾಗಿತ್ತು. ನಮ್ಮಲ್ಲಿ ಅದಕ್ಕೆ ಲಿಖಿತ ಆದೇಶವೇ ಬೇಕಾದೀತು.

ಎರಡನೆಯದು ಅಧ್ಯಯನ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ನೈತಿಕ ಸಮಿತಿಗಳ ವ್ಯಾಪ್ತಿಗೆ ಅಕ್ಕಪಕ್ಕದ ಜಿಲ್ಲಾಸ್ಪತ್ರೆಗಳನ್ನು ಸೇರಿಸಿ, ತಿಂಗಳಿಗೊಮ್ಮೆ ತಪ್ಪದೆ ಸಭೆ ನಡೆಯಲಿ. ಪ್ರಜ್ಞೆಯಿಲ್ಲದ ರೋಗಿಯ ಪರವಾಗಿ ಮನೆಯವರು ಒಪ್ಪಿಗೆ ಕೊಡಬಹುದು. ತುರ್ತಿನಲ್ಲಿ, ಸಮಿತಿಯ ಮುಂಚಿತ ಅನುಮತಿ ಇದ್ದರೆ, ಒಪ್ಪಿಗೆಯನ್ನು ಆಮೇಲೆ ಪಡೆಯಲು ಐಸಿಎಂಆರ್‌ನ 2017ರ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಮನೆಯವರ ಭಯ ನಮಗೆ ಅರ್ಥವಾಗುತ್ತದೆ, ನಮ್ಮ ಅಪ್ಪನ ಮೇಲೆ ಪ್ರಯೋಗ ಮಾಡುತ್ತೀರಾ ಎಂದು ಅವರು ಕೇಳುವುದು ಸಹಜ. ಎರಡು ಚಿಕಿತ್ಸೆಗಳೂ ಈಗಾಗಲೇ ಬಳಕೆಯಲ್ಲಿವೆ, ಯಾವುದು ಮೇಲು ಎಂದು ಯಾರಿಗೂ ಗೊತ್ತಿಲ್ಲ, ಯಾವಾಗ ಬೇಕಾದರೂ ಹೊರಬರಬಹುದು, ಬಂದರೆ ಚಿಕಿತ್ಸೆ ಕಡಿಮೆಯಾಗುವುದಿಲ್ಲ ಎಂದು ಕೂರಿಸಿಕೊಂಡು ಹೇಳಬೇಕು. ಒಪ್ಪಿಗೆ ಪತ್ರ ಇಂಗ್ಲಿಷಿನಿಂದ ಇಳಿಸಿದ ಹತ್ತು ಪುಟದ ಕಷ್ಟದ ಕನ್ನಡವಾಗಿರದೆ ಎರಡು ಪುಟದಲ್ಲಿ ಮನೆಮಾತಿನಲ್ಲಿರಬೇಕು. ವೈದ್ಯರಿಗೆ ತಲೆಗಿಷ್ಟು ಎಂದು ದುಡ್ಡು ಕೊಟ್ಟು ರೋಗಿಗಳನ್ನು ಸೇರಿಸುವ ಪದ್ಧತಿಯನ್ನು ಈ ಸಾರ್ವಜನಿಕ ಅಧ್ಯಯನಗಳಲ್ಲಿ ಮೊದಲೇ ನಿಷೇಧಿಸಿ.

ಮೊದಲ ಅಧ್ಯಯನಕ್ಕೆ ಪ್ರಾಲಿಡಾಕ್ಸಿಮ್ ಪ್ರಶ್ನೆಯನ್ನೇ ಎತ್ತಿಕೊಳ್ಳಬಹುದು, ಎರಡನೆಯದಕ್ಕೆ ಮಳೆಗಾಲದ ಸೆಪ್ಸಿಸ್‌ನಲ್ಲಿ ದ್ರವದ ಪ್ರಮಾಣ. ಎರಡಕ್ಕೂ ದುಬಾರಿ ಔಷಧಿ ಬೇಡ. ಯಾವ ಕಂಪನಿಯೂ ಇವಕ್ಕೆ ಹಣ ಹಾಕುವುದಿಲ್ಲ, ಗೆದ್ದರೂ ಅವರಿಗೆ ಮಾರಲು ಏನೂ ಸಿಗುವುದಿಲ್ಲ. ಆದ್ದರಿಂದಲೇ ಇದು ಸರ್ಕಾರದ ಪಾಲಿನ ಕೆಲಸ.

ಟೇಪು, ಗೋಡೆಯ ಪಟ್ಟಿ ಮತ್ತು ಅಟ್ರೋಪಿನ್ ಪೆಟ್ಟಿಗೆಗೆ ಒಂದು ಸುತ್ತೋಲೆ ಸಾಕು, ಬಜೆಟ್‌ವರೆಗೆ ಕಾಯಬೇಕಿಲ್ಲ. ನರ್ಸ್ ಹುದ್ದೆಗಳಿಗೂ ಜಿಲ್ಲೆಗೊಬ್ಬ ಸಂಶೋಧನಾ ನರ್ಸ್‌ಗೂ ಮುಂದಿನ ಬಜೆಟ್‌ನಲ್ಲಿ ಹಣ ಇಡಿ. ಒಂದು ಪುಟದ ದಾಖಲಾತಿ ನಮೂನೆ, ಎತ್ತರದ ಪಟ್ಟಿ ಮತ್ತು ಅಟ್ರೋಪಿನ್ ಏರಿಕೆಯ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಡಲು, ಜಿಲ್ಲೆಗಳಿಗೆ ಬಂದು ರಾತ್ರಿ ಪಾಳಿಯವರ ಜೊತೆ ನಿಂತು ಕಲಿಸಲು ನಾವು ತಯಾರಿದ್ದೇವೆ. ವರ್ಷದ ಕೊನೆಗೆ ಪ್ರತಿ ಜಿಲ್ಲೆಯ 28ನೇ ದಿನದ ಲೆಕ್ಕವನ್ನು, ಅದು ಎಷ್ಟೇ ಕಹಿಯಾಗಿರಲಿ, ಇಲಾಖೆಯ ವೆಬ್‌ಸೈಟ್‌ನಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ರಾಜ್ಯದ ತೀವ್ರ ನಿಗಾ ಘಟಕಗಳಲ್ಲಿ ದುಡಿಯುವ ವೈದ್ಯರು ಮತ್ತು ಶುಶ್ರೂಷಾಧಿಕಾರಿಗಳು